ಒಂದು ನಿಮಿಷದ ಕಸ

ನನ್ನ ಕಿವಿಯ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಗೊತ್ತಿರಲಿಲ್ಲ ಅನ್ನಬಾರದು. ಪಕ್ಕದ ಬೀದಿಯಲ್ಲಿ ಯಾರಾದರೂ ಸುಳ್ಳು ಹೇಳುವ ಮೊದಲು ಉಗುಳು ನುಂಗಿದರೆ ನನಗೆ ಕೇಳಿಸುತ್ತದೆ. ಒಂದು ದಿನ ಅಡುಗೆಮನೆಯ ಸಕ್ಕರೆ ಡಬ್ಬಿಯ ಮೇಲೆ ಇರುವೆಗಳು ಸಾಲಾಗಿ ಹೋಗುತ್ತಿದ್ದಾಗ, ಹಾಲ್‌ನಲ್ಲಿ ಕೂತೇ, "ಅದರಲ್ಲಿ ಏಳನೆಯದು ಕುಂಟುತ್ತಿದೆ" ಅಂದಿದ್ದೆ. ಬಗ್ಗಿ ನೋಡಿದರೆ ನಿಜಕ್ಕೂ ಕುಂಟುತ್ತಿತ್ತು. ನಂಬದವರು ನಮ್ಮ ಅಕ್ಕನನ್ನು ಕೇಳಬಹುದು. ಅವಳೂ ನಂಬುವುದಿಲ್ಲ, ಅದು ಬೇರೆ ಮಾತು.

ನನ್ನ ಕೆಲಸ ಸದ್ದು ತಿದ್ದುವುದು. ನಾಟಕ, ಜಾಹೀರಾತು, ಹಾಡು, ಯಾರು ಏನು ರೆಕಾರ್ಡ್ ಮಾಡಿದರೂ ಕೊನೆಗೆ ಅದು ನನ್ನ ಕಂಪ್ಯೂಟರಿಗೆ ಬಂದು ಸ್ನಾನ ಮಾಡಿಕೊಂಡು ಹೋಗಬೇಕು. ಎರಡನೇ ಮಹಡಿಯಲ್ಲಿ ಒಂದು ಇಕ್ಕಟ್ಟು ಕೋಣೆ, ಗೋಡೆಗೆಲ್ಲ ಬೂದು ಬಣ್ಣದ ಸ್ಪಂಜು, ಎರಡು ಸ್ಪೀಕರು, ಒಂದು ಚಕ್ರದ ಕುರ್ಚಿ. ಕಂಪ್ಯೂಟರಿನೊಳಗೆ ಇನ್ನೂರ ಹದಿನಾಲ್ಕು ಪ್ಲಗಿನ್ನುಗಳು. ಪ್ಲಗಿನ್ ಅಂದರೆ ಪರದೆಯ ಮೇಲೆ ಮಾತ್ರ ಇರುವ ಒಂದು ಪುಟ್ಟ ಯಂತ್ರ. ಸದ್ದನ್ನು ಈ ಕಡೆಯಿಂದ ಒಳಗೆ ಬಿಟ್ಟರೆ ಆ ಕಡೆಯಿಂದ ಬೇರೆ ವೇಷ ಹಾಕಿಕೊಂಡು ಹೊರಗೆ ಬರುತ್ತದೆ. ಈಕ್ವಲೈಜರ್ ಎಂಬುದು ಗಂಟಲಿನ ಬೊಜ್ಜು ಇಳಿಸಿ ಮೂಗಿನ ಗೊಣಗು ತೆಗೆಯುತ್ತದೆ. ಕಂಪ್ರೆಸರ್ ಎಂಬುದು ಕಿರುಚುವವನ ತಲೆ ತಗ್ಗಿಸಿ, ಪಿಸುಗುಡುವವನ ಗಲ್ಲ ಹಿಡಿದು ಎತ್ತುತ್ತದೆ. ನೆಂಟರು ಬಂದಾಗ ನಮ್ಮ ಅಕ್ಕ ಮಾಡುವ ಕೆಲಸವೇ. ರಿವರ್ಬ್ ಎಂಬುದು ಬಚ್ಚಲಲ್ಲಿ ಹಾಡಿದವನನ್ನು ಅರಮನೆಯಲ್ಲಿ ನಿಲ್ಲಿಸುತ್ತದೆ. ಯಾವುದರ ಹಿಂದೆ ಯಾವುದು, ಎಷ್ಟು ಚಿಟಿಕೆ ಎನ್ನುವುದರಲ್ಲಿ ಕೈಗುಣ ಇರುವುದು. ನನ್ನ ಕೈಗುಣ ಎಂಥದ್ದೆಂದರೆ, ಒಬ್ಬ ಗಾಯಕ ತನ್ನದೇ ಹಾಡು ಕೇಳಿ ಕಣ್ಣೀರು ಹಾಕಿ, "ಯಾರು ಸಾರ್ ಈ ಮಹಾನುಭಾವ?" ಅಂತ ನನ್ನನ್ನೇ ಕೇಳಿದ್ದ.

ಇವುಗಳ ಪೈಕಿ ಗದ್ದಲ ಗುಡಿಸುವ ಪ್ಲಗಿನ್ ಒಂದಿದೆ. ಅದಕ್ಕೆ ಬುದ್ಧಿಯಿಲ್ಲ, ವಿಧೇಯತೆಯಿದೆ. ಯಾರೂ ಮಾತಾಡದ ಒಂದು ತುಣುಕನ್ನು ತೋರಿಸಿ "ಇದು ಕಸ" ಅನ್ನಬೇಕು. ಅದು ಅದನ್ನು ಕಲಿತುಕೊಂಡು, ಇಡೀ ರೆಕಾರ್ಡಿಂಗಿನಲ್ಲಿ ಅಂಥ ಕಸ ಎಲ್ಲೆಲ್ಲಿ ಅಡಗಿದೆಯೋ ಅಲ್ಲೆಲ್ಲ ಪೊರಕೆ ಆಡಿಸುತ್ತದೆ. ಅದಕ್ಕೇ ನಮ್ಮ ಕಸುಬಿನಲ್ಲಿ ಮಾತು ಶುರುವಾಗುವ ಮೊದಲು ಒಂದು ನಿಮಿಷ ಕೋಣೆಯ ಬರೀ ಮೌನವನ್ನು ರೆಕಾರ್ಡ್ ಮಾಡಿಕೊಳ್ಳುವ ಪದ್ಧತಿ. ನನಗೆ ಕೆಲಸ ಕಲಿಸಿದ ಗುರುಗಳು ಆ ಒಂದು ನಿಮಿಷಕ್ಕೆ ಎಲ್ಲರನ್ನೂ ಕೋಣೆಯಿಂದ ಆಚೆ ಅಟ್ಟಿ, ತಾವೂ ಆಚೆ ಬಂದು, ಬಾಗಿಲು ಹಾಕಿಕೊಂಡು ನಿಲ್ಲುತ್ತಿದ್ದರು.

"ಮನುಷ್ಯ ಕೂತಿರೋ ಮೌನಾನ ಕಸ ಅಂತ ತೋರಿಸ್ಬೇಡ ಕಣೋ" ಅನ್ನುತ್ತಿದ್ದರು.

ಯಾಕೆ ಅಂತ ಕೇಳಿದರೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು, ಅಷ್ಟೇ. ನಾನು ಅದನ್ನು ಮುದುಕರ ಖಯಾಲಿ ಎಂದುಕೊಂಡೆ.

ಈಗ ಭಾವನ ವಿಷಯ. ನಮ್ಮ ಅಕ್ಕನ ಗಂಡ ರೈಲು ನಿಲ್ದಾಣದಲ್ಲಿ ಅನೌನ್ಸರ್. ಇಪ್ಪತ್ತಾರು ವರ್ಷ ಒಂದು ಗಾಜಿನ ಗೂಡಿನಲ್ಲಿ ಕೂತು, ಯಾವ ರೈಲು ಎಷ್ಟು ಹೊತ್ತಿಗೆ ಎಂದು ಹೇಳಿದವರು. ಅವರ ದನಿಗೆ ಮರುಳಾಗಿ ಹೊರಟ ರೈಲು ಹಿಂದಕ್ಕೆ ಬಂದದ್ದುಂಟು. ನಾನೇ ಎರಡು ಸಲ ನೋಡಿದ್ದೇನೆ. ಅಂಥ ಗಂಟಲಿನಲ್ಲಿ ಗಂಟು ಕಾಣಿಸಿಕೊಂಡಿತು. ಆಪರೇಷನ್ ಆದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದರು ಡಾಕ್ಟರಮ್ಮ. ಅಕ್ಕ ಆ ದಿನವೇ ನನ್ನ ಸ್ಟುಡಿಯೋ ಮೆಟ್ಟಿಲು ಹತ್ತಿ ಬಂದಳು.

"ನೀನು ಬಡಾಯಿ ಕೊಚ್ಚೋದನ್ನ ನಲವತ್ತು ವರ್ಷದಿಂದ ಕೇಳಿದೀನಿ. ಇವತ್ತು ಒಂದೇ ಒಂದು ಕೆಲಸ ಮಾಡಿ ತೋರ್ಸು. ಅವರ ದನಿ ಮನೇಲಿ ಉಳೀಬೇಕು."

"ಉಳಿಸೋದೇನು ಬಂತು ಅಕ್ಕಾ? ಭಾವನ ದನಿ ಭಾವನಿಗಿಂತ ಚೆನ್ನಾಗಿರೋ ಹಾಗೆ ಮಾಡ್ಕೊಡ್ತೀನಿ."

"ಚೆನ್ನಾಗಿರೋದು ಬೇಡ ಮಹರಾಯ. ಅವರ ಹಾಗಿದ್ರೆ ಸಾಕು."

ಈ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಇಷ್ಟು ದೊಡ್ಡ ಕಿವಿ ಇಟ್ಟುಕೊಂಡು.

ಉಪಾಯ ನನ್ನದೇ. ದಿನಬಳಕೆಯ ನೂರ ಎಂಬತ್ತು ವಾಕ್ಯಗಳನ್ನು ಭಾವ ಮುಂಚೆಯೇ ಹೇಳಿಡುವುದು. ಆಮೇಲೆ ಫೋನಿನಲ್ಲಿ ಒಂದೊಂದಕ್ಕೆ ಒಂದೊಂದು ಗುಂಡಿ. ಒತ್ತಿದರೆ ಭಾವನ ದನಿ. "ಒಂದು ಲೋಟ ನೀರು." "ಅಮ್ಮಾ, ಮಾತ್ರೆ ತಗೊಂಡ್ಯಾ?" "ಬಾಗಿಲು ಯಾರು ಹಾಕಿಲ್ಲ?" "ಉಪ್ಪು ಕಮ್ಮಿ." "ನಾನು ಹೇಳಿದ್ನಲ್ಲ." ಅಕ್ಕನನ್ನು ಕರೆಯುವುದಕ್ಕೇ ಆರು ಬಗೆ ಇತ್ತು, ಪ್ರೀತಿಯದ್ದು ಎರಡು, ಸಿಟ್ಟಿನದು ನಾಲ್ಕು. ನೂರ ಎಂಬತ್ತನೆಯದಾಗಿ ಭಾವ ತಮ್ಮ ಖುಷಿಗೆ ಒಂದು ಸೇರಿಸಿಕೊಂಡರು: "ಪ್ರಯಾಣಿಕರ ಗಮನಕ್ಕೆ. ಗಾಡಿ ಸ್ವಲ್ಪ ತಡವಾಗಿ ಬರಲಿದೆ. ಅಡಚಣೆಗಾಗಿ ವಿಷಾದಿಸುತ್ತೇವೆ." ಬಚ್ಚಲುಮನೆಯಲ್ಲಿದ್ದಾಗ ಯಾರಾದರೂ ಬಾಗಿಲು ಬಡಿದರೆ ಒತ್ತಲಿಕ್ಕೆ.

ರೆಕಾರ್ಡಿಂಗ್ ಅವರ ಮನೆಯ ಹಾಲ್‌ನಲ್ಲೇ ಇಟ್ಟುಕೊಂಡೆವು. ಅಕ್ಕ ತನ್ನ ಅತ್ತೆಯನ್ನು ಕಿವಿಯ ಮಿಷನ್ ಬದಲಾಯಿಸಲು ಕರೆದುಕೊಂಡು ಹೋಗಿದ್ದಳು. ಆ ಹಿರಿಯರನ್ನು ನಾವೆಲ್ಲ ದೊಡ್ಡಮ್ಮ ಎನ್ನುತ್ತೇವೆ. ಎಂಬತ್ತೊಂದು ವರ್ಷ, ಎರಡೂ ಕಿವಿಗೆ ಮಿಷನ್, ನಾಲಿಗೆಗೆ ಯಾವ ಮಿಷನ್ನೂ ಬೇಡ. ಮನೆಯಲ್ಲಿ ನಾನು, ಭಾವ ಇಬ್ಬರೇ. ಭಾವ ತಮ್ಮ ಕಬ್ಬಿಣದ ಕಾಲಿನ ಹಳೇ ಕುರ್ಚಿಯಲ್ಲಿ ಕೂತಿದ್ದರು. ಅದರ ಮೇಲೆ ನೊಣ ಕೂತರೂ ಕಿರ್ರ್ ಅನ್ನುತ್ತದೆ. ಮೌನದ ನಿಮಿಷ ಬಂದಾಗ ಅವರನ್ನು ಎಬ್ಬಿಸಿ ಆಚೆ ಕಳಿಸಬೇಕಿತ್ತು. ಆದರೆ ಗಂಟಲು ನೋವು, ಕೈಯಲ್ಲಿ ಬಿಸಿನೀರಿನ ಲೋಟ. ಮನಸ್ಸು ಬರಲಿಲ್ಲ.

"ಹಾಗೇ ಕೂತಿರಿ ಭಾವ, ಉಸಿರಾಡಿದ್ರೂ ಪರವಾಗಿಲ್ಲ. ನನ್ನ ಪ್ಲಗಿನ್ ಮುಂದೆ ಯಾವುದೂ ನಿಲ್ಲಲ್ಲ."

ನಾನೂ ಆಚೆ ಹೋಗಲಿಲ್ಲ. ಹೋಗದಿದ್ದರೆ ಸಾಲದು ಎಂಬಂತೆ ಬೇಸರ ಕಳೆಯಲು ಬರಿಗಾಲಲ್ಲಿ ಕಿಟಕಿಯವರೆಗೆ ನಡೆದು ವಾಪಸು ಬಂದೆ. ನನ್ನ ಹೆಜ್ಜೆ ಬೆಕ್ಕಿಗೂ ಕೇಳಿಸುವುದಿಲ್ಲ ಎಂಬುದು ಲೋಕಕ್ಕೇ ಗೊತ್ತು.

ಎಲ್ಲ ಮುಗಿಯುವ ಹೊತ್ತಿಗೆ ಅತ್ತೆ ಸೊಸೆ ಬಂದರು. ದೊಡ್ಡಮ್ಮ ಚಪ್ಪಲಿ ಬಿಡುವ ಮೊದಲೇ ಶುರುಮಾಡಿದರು. ನನ್ನ ಬಡಾಯಿಗೆ ಅವರಿಟ್ಟ ಹೆಸರು ಡೋಲು.

"ಏನೋ ಡೋಲು, ನನ್ನ ಮಗನ ಮಾತೆಲ್ಲ ಪೆಟ್ಟಿಗೇಲಿ ತುಂಬ್ಕೊಂಡ್ಯಂತೆ. ನನಗೂ ಸ್ವಲ್ಪ ಕೊಡು."

"ಇನ್ನೂ ಕೊಳೆ ಇದೆ ದೊಡ್ಡಮ್ಮ. ತೊಳೆದು ಕೊಡ್ತೀನಿ."

"ತೊಳೆಯೋದಕ್ಕೆ ಅದೇನು ನಿನ್ನ ಬನೀನಾ? ಹಾಗೇ ಕೊಡೋ."

ಅವರ ಬಳಿ ಅಂಗೈಯಗಲದ ಒಂದು ಕೆಂಪು ಪ್ಲೇಯರ್ ಇದೆ, ಸದಾ ಕೊರಳಲ್ಲಿ ನೇತಾಡುತ್ತದೆ. ಕಾಟ ತಪ್ಪಲಿ ಎಂದು ಅಂದಿನ ರೆಕಾರ್ಡಿಂಗನ್ನೆಲ್ಲ ಹಸಿಹಸಿಯಾಗಿ ಅದಕ್ಕೆ ಸುರಿದುಕೊಟ್ಟೆ. ಆಮೇಲೆ ಅದನ್ನು ಮರೆತೂಬಿಟ್ಟೆ.

ಮೂರು ದಿನ ಕೆಲಸ ಮಾಡಿದೆ. ಆ ಒಂದು ನಿಮಿಷವನ್ನು ಪ್ಲಗಿನ್ನಿಗೆ ತೋರಿಸಿ "ಇದು ಕಸ" ಅಂದೆ. ನೂರ ಎಂಬತ್ತು ವಾಕ್ಯದಲ್ಲೂ ಗುಡಿಸಿತು. ಫ್ಯಾನಿನ ಗುಯ್ ಹೋಯಿತು, ಬೀದಿಯ ಸ್ಕೂಟರು ಹೋಯಿತು, ಕುರ್ಚಿಯ ಕಿರ್ರ್ ಹೋಯಿತು, ಮಾತಿನ ನಡುವಿನ ಉಸಿರು ಹೋಯಿತು. ಉಳಿದದ್ದು ಕಪ್ಪು ಬಟ್ಟೆಯ ಮೇಲೆ ಇಟ್ಟ ಮುತ್ತಿನಂಥ ದನಿ. ಅದಕ್ಕೆ ಈಕ್ವಲೈಜರಿನಲ್ಲಿ ಎದೆಯ ಗಾಂಭೀರ್ಯ ಸ್ವಲ್ಪ ಏರಿಸಿದೆ, ಕಂಪ್ರೆಸರಿನಲ್ಲಿ ಹದ ಮಾಡಿದೆ. ತಮಾಷೆಗೆ "ಒಂದು ಲೋಟ ನೀರು" ಎಂಬುದಕ್ಕೆ ಮಾತ್ರ ರೈಲು ನಿಲ್ದಾಣದ ರಿವರ್ಬ್ ಹಾಕಿದೆ. ಮೊದಲ ಸಲ ಅದನ್ನು ಒತ್ತಿದಾಗ ಅಕ್ಕ ಕೈಚೀಲ ಎತ್ತಿಕೊಂಡು ಓಡಿಬಂದಳೆಂದು ನಾನು ಎಲ್ಲರಿಗೂ ಹೇಳುತ್ತೇನೆ. ಕೈಚೀಲ ಇರಲಿಲ್ಲ, ಓಡಿಬಂದದ್ದು ನಿಜ.

ತೊಳೆದದ್ದನ್ನು ಕೊಳಕಿನ ಮೇಲೆಯೇ ಸೇವ್ ಮಾಡಿದೆ. ಮೂಲವನ್ನು ಪಕ್ಕಕ್ಕೆ ಇಟ್ಟುಕೊಳ್ಳುವವನು ತನ್ನ ಕೈಯನ್ನು ತಾನೇ ನಂಬದವನು ಎಂಬುದು ನನ್ನ ಸಿದ್ಧಾಂತವಾಗಿತ್ತು.

ಆಪರೇಷನ್ ಚೆನ್ನಾಗಿ ಆಯಿತು. ಭಾವ ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ಮನೆಗೆ ಬಂದರು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಸ್ಲೇಟು. ಗುಂಡಿಯಲ್ಲಿ ಇಲ್ಲದ ಮಾತು ಇದ್ದರೆ ಸ್ಲೇಟು. ದಿನಕ್ಕೆ ನೂರು ಸಲವಾದರೂ ಒತ್ತುತ್ತಿದ್ದರು. ನಾನು ದಿನಾ ಮಧ್ಯಾಹ್ನ ಹೋಗಿ ನನ್ನ ಕೆಲಸವನ್ನು ನಾನೇ ಹೊಗಳಿ ಬರುತ್ತಿದ್ದೆ.

ಹತ್ತು ದಿನ ಕಳೆದಿರಬೇಕು. ಅವರ ಬೀದಿಯ ತಿರುವಿನಲ್ಲಿ ಒಂದು ಕಂದು ನಾಯಿ ಇದೆ. ಹನ್ನೊಂದು ವರ್ಷದಿಂದ ನನ್ನನ್ನು ಕಂಡರೆ ಬೊಗಳುವುದೇ ಅದರ ಉದ್ಯೋಗ. ಆ ದಿನ ಬೆನ್ನು ಹಾಕಿ ಮಲಗಿತ್ತು, ನಾನು ಪಕ್ಕದಲ್ಲೇ ದಾಟಿದರೂ ಕಿವಿ ನಿಮಿರಿಸಲಿಲ್ಲ. ಕೊನೆಗೂ ನನ್ನ ಘನತೆ ಅದಕ್ಕೆ ಅರ್ಥವಾಯಿತು ಎಂದುಕೊಂಡೆ. ಅಡುಗೆಮನೆಯ ಬಾಗಿಲಲ್ಲಿ ನಿಂತು "ಅಕ್ಕಾ" ಅಂದದ್ದೇ ಅವಳ ಕೈಯಿಂದ ತಟ್ಟೆ ಬಿತ್ತು.

"ಯಾವಾಗ ಬಂದ್ಯೋ? ಭೂತದ ಹಾಗೆ ನಿಂತಿದೀಯಲ್ಲ, ಸದ್ದೇ ಇಲ್ಲ!"

"ಹುಲಿ ನಡೆದ್ರೆ ಸದ್ದಾಗುತ್ತಾ ಅಕ್ಕಾ?"

ಅವಳು ನಗಲಿಲ್ಲ. ತಟ್ಟೆ ಎತ್ತಿಟ್ಟು, ಕೈ ಒರೆಸಿಕೊಂಡು, ನನ್ನನ್ನು ಹಾಲ್‌ನ ಬಾಗಿಲ ಮರೆಗೆ ಕರೆದುಕೊಂಡು ಹೋದಳು.

"ನಿನ್ನ ಕಿವಿ ಕಿವಿ ಅಂತ ಕುಣೀತೀಯಲ್ಲ. ಅವರನ್ನ ನೋಡು. ನೋಡ್ಬೇಡ, ಕೇಳು."

ಭಾವ ಊಟಕ್ಕೆ ಕೂತಿದ್ದರು. ಸ್ಟೀಲ್ ತಟ್ಟೆ, ಸ್ಟೀಲ್ ಚಮಚ. ಚಮಚ ತಟ್ಟೆಗೆ ತಾಗುತ್ತಿತ್ತು. ಸದ್ದು ಬರುತ್ತಿರಲಿಲ್ಲ. ನೀರು ಕುಡಿದು ಲೋಟವನ್ನು ಮೇಜಿನ ಮೇಲೆ ಕುಕ್ಕಿದರು. ಹತ್ತಿಯ ಮೇಲೆ ಇಟ್ಟ ಹಾಗಿತ್ತು. ಎದ್ದರು. ಆ ಕುರ್ಚಿ, ನೊಣಕ್ಕೂ ಕಿರ್ರ್ ಅನ್ನುವ ಆ ಕುರ್ಚಿ, ಎಪ್ಪತ್ತು ಕಿಲೋ ಮನುಷ್ಯ ಎದ್ದರೂ ಬಾಯಿ ಬಿಡಲಿಲ್ಲ. ನಮ್ಮ ಪಕ್ಕದಲ್ಲೇ ಹಾದು ಕೈ ತೊಳೆಯಲು ಹೋದರು. ಸೀರೆ ಒಣಹಾಕಿದಾಗ ಗಾಳಿ ಹಾದಂತೆ ಕೂಡ ಆಗಲಿಲ್ಲ.

ನನ್ನ ಬಾಯಿ ಕಟ್ಟಿತು. ಈ ವಾಕ್ಯವನ್ನು ನಾನು ಜೀವನದಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ.

"ಮೊದಲು ಹೆಜ್ಜೆ ಹೋಯ್ತು," ಅಕ್ಕ ಪಿಸುಗುಟ್ಟಿದಳು. "ಆಪರೇಷನ್ ಆಗಿದೆ, ಮೆಲ್ಲಗೆ ನಡೀತಾರೆ ಅಂದ್ಕೊಂಡೆ. ಆಮೇಲೆ ಕುರ್ಚಿ. ನಿನ್ನೆ ಮಧ್ಯಾಹ್ನ ಪಕ್ಕದಲ್ಲೇ ಮಲಗಿದ್ರು. ಮೂವತ್ತು ವರ್ಷ ಅವರ ಗೊರಕೆ ಬೈದಿದೀನಿ. ನಿನ್ನೆ ಮೂಗಿನ ಹತ್ರ ಕಿವಿ ಇಟ್ರೂ ಉಸಿರು ಕೇಳಿಸ್ಲಿಲ್ಲ. ಎದೆ ಮಾತ್ರ ಏಳ್ತಿತ್ತು, ಇಳೀತಿತ್ತು."

"ಡಾಕ್ಟರಮ್ಮನ ಹತ್ರ ಹೋದ್ರಾ?"

"ಬೆಳಿಗ್ಗೆ ಹೋಗಿದ್ವಿ. ಆಯಮ್ಮ ಸ್ಟೆತೊಸ್ಕೋಪ್ ಎದೆಗಿಟ್ರು, ಬೆನ್ನಿಗಿಟ್ರು. ಇದು ಕೆಟ್ಟಿದೆ ಅಂತ ನರ್ಸ್ ಹತ್ರ ಇನ್ನೊಂದು ತರಿಸಿದ್ರು. ಅದೂ ಕೆಟ್ಟಿದೆ ಅಂದ್ರು. ಮೂರನೇದನ್ನ ನನ್ನ ಎದೆಗಿಟ್ಟು ನೋಡಿದ್ರು, ಅದು ಚೆನ್ನಾಗೇ ಇತ್ತು." ಅಕ್ಕ ನನ್ನ ಮಣಿಕಟ್ಟು ಹಿಡಿದಳು. "ನಾಡಿ ಹಿಡಿದ್ರೆ ಬಡೀತಿದೆ ಕಣೋ. ಆದ್ರೆ ಕೈ ದಿನಾ ತಣ್ಣಗಾಗ್ತಾ ಇದೆ. ಸದ್ದು ಹೋಯ್ತು, ಬಿಸಿ ಹೋಗ್ತಿದೆ. ಮುಂದೆ ಏನು ಹೋಗುತ್ತೆ?"

ಅಷ್ಟರಲ್ಲಿ ಭಾವ ನಮ್ಮ ಹಿಂದೆ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ ತಿಳಿಯದು. ಸ್ಲೇಟಿನ ಮೇಲೆ ಬಳಪ ಓಡಿಸಿದರು, ಬಳಪವೂ ಮೂಕ. ತಿರುಗಿಸಿ ತೋರಿಸಿದರು: ನನಗೆ ನಾನೇ ಕೇಳಿಸ್ತಿಲ್ಲ.

ಆಮೇಲೆ, ನಮಗೆ ಧೈರ್ಯ ಹೇಳಲೆಂದೋ ಏನೋ, ಫೋನಿನ ಗುಂಡಿ ಒತ್ತಿದರು. "ಪರವಾಗಿಲ್ಲ ಬಿಡು" ಎಂದಿತು ಅವರ ದನಿ. ಎಂಥ ದನಿ! ಧೂಳಿಲ್ಲ, ಕಲೆಯಿಲ್ಲ, ಹಿಂದೆ ಮುಂದೆ ಏನೂ ಇಲ್ಲ. ಒತ್ತಿದ ಮರುಕ್ಷಣ ಗೋಡೆಯ ಗಡಿಯಾರ ಅವರಿದ್ದ ದಿಕ್ಕಿಗೆ ಒಂದು ಟಿಕ್ ಕಮ್ಮಿ ಹೇಳಿದಂತೆ ನನಗೆ ಕೇಳಿಸಿತು. ನನ್ನ ಕಿವಿಗೆ ಮಾತ್ರ ಕೇಳಿಸುವಂಥದ್ದು ಅದು. ಇಡೀ ಮನೆ ಅವರ ಸುತ್ತ ಒಂದು ಅಂಗುಲ ಹಿಂದೆ ಸರಿದಿತ್ತು. ನೂರು ಸಲ ಒತ್ತಿದರೆ ನೂರು ಅಂಗುಲ.

ಕನ್ನಡಕ ಒರೆಸಿಕೊಳ್ಳುವ ಗುರುಗಳ ಕೈ ಕಣ್ಣ ಮುಂದೆ ಬಂತು. ನಾನು ಕಸ ಅಂತ ತೋರಿಸಿದ್ದು ಫ್ಯಾನನ್ನಲ್ಲ, ಅಲ್ಲಿ ಕೂತಿದ್ದ ಭಾವನನ್ನು.

"ಫೋನ್ ಕೊಡಿ ಭಾವ," ಅಂದೆ. "ಇನ್ನು ಒತ್ತಬೇಡಿ."

ಅಕ್ಕನಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ, ಇಲ್ಲವೇ ನಗುತ್ತಾಳೆ ಎಂದುಕೊಂಡಿದ್ದೆ. ನನ್ನ ಮಾತಿನಲ್ಲಿ ಹತ್ತಕ್ಕೆ ಒಂಬತ್ತು ಕಳೆದು ಕೇಳುವವಳು ಆ ದಿನ ಪೂರ್ತಿ ಹತ್ತನ್ನೂ ಕೇಳಿದಳು.

"ಗುಡಿಸಿದ ಕಸ ಎಲ್ಲಿದೆ?"

"ಇಲ್ಲ."

"ಇಲ್ಲ ಅಂದ್ರೆ?"

"ಮೂಲದ ಮೇಲೇ ಸೇವ್ ಮಾಡ್ಬಿಟ್ಟೆ. ಕೊಳಕು ಇರೋದು ಇದ್ದಿದ್ರೆ ಅದರಿಂದ ಶುದ್ಧವಾದದ್ದನ್ನ ಕಳೆದು ಕಸ ಮಾತ್ರ ಹೊರಗೆ ತೆಗೀಬಹುದಿತ್ತು. ಅದೇ ಇಲ್ಲ."

ಅಕ್ಕ ಗೋಡೆಗೆ ಒರಗಿಕೊಂಡಳು. ಭಾವ ಒಮ್ಮೆ ನನ್ನನ್ನು, ಒಮ್ಮೆ ಅವಳನ್ನು ನೋಡಿದರು. ಆಗ ಒಳಕೋಣೆಯಿಂದ ಒಂದು ಸದ್ದು ಬಂತು. ಕಿರ್ರ್. ಆಮೇಲೆ ಉಸಿರು ಎಳೆದುಕೊಂಡ ಸದ್ದು. ಆಮೇಲೆ ಭಾವನ ದನಿ, ಸ್ವಲ್ಪ ಗೊಗ್ಗರಾಗಿ: "ಅಮ್ಮಾ, ಮಾತ್ರೆ ತಗೊಂಡ್ಯಾ?"

ಭಾವ ನಮ್ಮ ಮುಂದೆಯೇ ನಿಂತಿದ್ದರು. ಫೋನು ನನ್ನ ಕೈಯಲ್ಲಿತ್ತು.

ನನ್ನ ಬೆನ್ನಿನ ಮೇಲೆ ಎದ್ದ ಮುಳ್ಳಿನಲ್ಲಿ ಬೇಲಿ ಹಾಕಬಹುದಿತ್ತು. ಮೂವರೂ ಹೋಗಿ ಇಣುಕಿದೆವು. ದೊಡ್ಡಮ್ಮ ಮಂಚದ ಮೇಲೆ ಕಾಲು ಚಾಚಿ, ಕಣ್ಣು ಮುಚ್ಚಿ, ಕೆಂಪು ಪ್ಲೇಯರನ್ನು ಕಿವಿಯ ಮಿಷನ್ನಿಗೆ ಒತ್ತಿ ಹಿಡಿದಿದ್ದರು.

"ದೊಡ್ಡಮ್ಮ!" ಎಂದು ನಾನು ಅವರ ಕಾಲಿಗೇ ಬಿದ್ದೆ.

"ಅಯ್ಯಯ್ಯೋ! ಎಲ್ಲಿಂದ ಉದುರಿದ್ಯೋ ಡೋಲು? ಬಂದಿದ್ದೇ ಗೊತ್ತಾಗ್ಲಿಲ್ಲ."

"ಇದನ್ನ ಇನ್ನೂ ಇಟ್ಕೊಂಡಿದೀರಾ? ಫೋನಲ್ಲಿ ಅಷ್ಟು ಚೆನ್ನಾಗಿರೋದು ಇರುವಾಗ?"

"ಚೆನ್ನಾಗಿದೆ, ಯಾರಿಲ್ಲ ಅಂದ್ರು? ಅದರಲ್ಲಿ ಮಾತಿದೆ, ಮಗ ಇಲ್ಲ. ಇದರಲ್ಲಿ ನೋಡು, ಮಾತಾಡೋಕೆ ಮುಂಚೆ ಒಂದು ಉಸಿರು ಎಳ್ಕೋತಾನೆ. ಮೂರು ವರ್ಷದ ಮಗು ಇದ್ದಾಗಿಂದ ಹಾಗೇ. ಅದು ಕೇಳಿಸಿದ್ರೆ ನನಗೆ ಮಾತ್ರೆ ನೆನಪಾಗುತ್ತೆ, ಮಾತು ಯಾಕೆ ಬೇಕು?" ಎಂದು ಮಗನ ಕಡೆ ನೋಡಿದರು. "ಈ ಮಿಷನ್ ಹಾಕಿದಾಗಿಂದ ಪಕ್ಕದ ಮನೆ ಕುಕ್ಕರ್ ಕೇಳಿಸುತ್ತೆ. ಇವನು ಎದುರಿಗೆ ಬಂದ್ರೂ ಕೇಳಿಸಲ್ಲ. ನಾಲ್ಕು ದಿನದಿಂದ ನನ್ನ ಮಗ ಮನೇಲಿಲ್ಲ ಅಂತ ನಿಮ್ಮಕ್ಕನಿಗೆ ಹೇಳ್ತಾನೇ ಇದೀನಿ."

ಲ್ಯಾಪ್‌ಟಾಪು, ಸ್ಪೀಕರು ತರಲು ಸ್ಟುಡಿಯೋಗೆ ಓಡಿದೆ. ನಾಯಿ ಆಗಲೂ ಬೊಗಳಲಿಲ್ಲ. ಹೆಮ್ಮೆ ಪಡಲು ಪುರುಸೊತ್ತಿರಲಿಲ್ಲ.

ಕಸ ಹೊರತೆಗೆಯುವುದು ಕಷ್ಟವಲ್ಲ. ಹಸಿ ರೆಕಾರ್ಡಿಂಗನ್ನೂ ತೊಳೆದದ್ದನ್ನೂ ಒಂದರ ಮೇಲೊಂದು ಕೂದಲೆಳೆ ವ್ಯತ್ಯಾಸವಿಲ್ಲದಂತೆ ಇಟ್ಟು, ಒಂದನ್ನು ತಲೆಕೆಳಗು ಮಾಡಬೇಕು. ಎರಡರಲ್ಲೂ ಇರುವುದು ಒಂದನ್ನೊಂದು ನುಂಗಿಕೊಂಡು ಹೋಗುತ್ತದೆ. ಒಂದರಲ್ಲಿ ಮಾತ್ರ ಇದ್ದದ್ದು ಉಳಿಯುತ್ತದೆ. ತೊಳೆದದ್ದರ ಮೇಲೆ ಹೊದಿಸಿದ್ದ ಈಕ್ವಲೈಜರನ್ನೂ ಕಂಪ್ರೆಸರನ್ನೂ ಮೊದಲು ಬಿಚ್ಚಿದೆ, ಆಮೇಲೆ ಇಟ್ಟು ಕೇಳಿದೆ. ಹೆಡ್‌ಫೋನ್ ಹಾಕಿಕೊಂಡವನು ಅಷ್ಟೇ ಬೇಗ ಕಿತ್ತುಹಾಕಿದೆ.

ಅಲ್ಲಿ ಭಾವ ಕೂತಿದ್ದರು. ಮಾತಿರಬೇಕಾದ ಜಾಗದಲ್ಲೆಲ್ಲ ಮಾತಿನ ಆಕಾರದ ತೂತುಗಳು. ಆ ತೂತುಗಳ ಸುತ್ತ ಉಸಿರು, ಕುರ್ಚಿ, ಲೋಟ ಕೆಳಗಿಟ್ಟದ್ದು, ಉಂಗುರ ಮೇಜಿಗೆ ತಾಗಿದ್ದು, ಹೊಟ್ಟೆ ಗುಳಗುಳ ಅಂದದ್ದು, ಅಡಿಯಲ್ಲಿ ತುಂಬ ಆಳದಲ್ಲಿ ಲಬ್ ಡಬ್. ಒಬ್ಬ ಮನುಷ್ಯನಿಂದ ಮಾತನ್ನು ಮಾತ್ರ ಕಿತ್ತು ಉಳಿದವನನ್ನು ಒಂದು ಫೈಲಿನಲ್ಲಿ ಮಡಚಿಟ್ಟ ಹಾಗೆ. ಆ ನಿಮಿಷದ ನಡುವೆ ಇನ್ನೊಂದು ಸದ್ದೂ ಇತ್ತು. ಯಾರೋ ಬರಿಗಾಲಲ್ಲಿ ನಡೆದು ಹೋಗಿ, ನಿಂತು, ವಾಪಸು ಬಂದದ್ದು. ಬೆಕ್ಕಿಗೂ ಕೇಳಿಸದ ಹೆಜ್ಜೆಯೇನಲ್ಲ ಅದು. ಎಮ್ಮೆ ನಡೆದಂತಿತ್ತು.

ನನಗೆ ನಾಯಿಯ ನೆನಪಾಯಿತು. ಬಿದ್ದ ತಟ್ಟೆಯ ನೆನಪಾಯಿತು. ಎದೆಯ ಮೇಲೆ ಕೈ ಇಟ್ಟುಕೊಂಡೆ, ಬಡಿಯುತ್ತಿತ್ತು. ನನ್ನ ಕಿವಿಯನ್ನು ನನ್ನೊಳಕ್ಕೆ ತಿರುಗಿಸಿದೆ. ಇಪ್ಪತ್ತು ಗಜ ದೂರದ ಇರುವೆಯ ಕುಂಟು ಕೇಳಿಸುವವನಿಗೆ ತನ್ನ ಎದೆಯೊಳಗಿನಿಂದ ಏನೂ ಕೇಳಿಸಲಿಲ್ಲ. ಅಕ್ಕನಿಗೆ ಹೇಳಲಿಲ್ಲ. ಅವಳ ಪಾಲಿಗೆ ಒಬ್ಬರ ಭಯ ಸಾಕಿತ್ತು.

ಕಿಟಕಿ ಮುಚ್ಚಿದೆವು, ಫ್ಯಾನ್ ಆರಿಸಿದೆವು. ಭಾವ ಅದೇ ಕುರ್ಚಿಯಲ್ಲಿ ಅಂದು ಕೂತಂತೆಯೇ ಕೂತರು. ಎದುರಿಗೆ ಸ್ಪೀಕರು. ಕಸ ಬಹಳ ಸಣ್ಣ ದನಿಯದ್ದು. ಎತ್ತಿ ಹಿಡಿಯಲು ಕಂಪ್ರೆಸರ್ ಹಾಕಿದೆ, ಅದರ ಮೇಲೆ ಈಕ್ವಲೈಜರ್, ಅದರ ಮೇಲೆ ಇನ್ನೊಂದು ಕಂಪ್ರೆಸರ್. ಫೈಲಾಗಿ ಇಳಿಸಿಕೊಳ್ಳುವಷ್ಟು ತಾಳ್ಮೆಯಿಲ್ಲದೆ ನೇರವಾಗಿಯೇ ಬಿಟ್ಟೆ. ಇಲ್ಲಿ ನಾನೊಂದು ತಪ್ಪು ಮಾಡಿದೆ, ನಮ್ಮ ಕಸುಬಿನವರು ಮಾತ್ರ ಮಾಡುವ ತಪ್ಪು. ಪ್ರತಿ ಪ್ಲಗಿನ್ನಿಗೂ ಯೋಚಿಸಲು ಎವೆಯಿಕ್ಕುವಷ್ಟು ಹೊತ್ತು ಬೇಕು. ಮೂರು ಸೇರಿದರೆ ಅರೆಕ್ಷಣ. ಆ ತಡವನ್ನು ಸರಿದೂಗಿಸು ಎಂದು ಕಂಪ್ಯೂಟರಿಗೆ ಹೇಳುವ ಒಂದು ಗುಂಡಿ ಇದೆ. ಮರೆತೆ.

ಮೊದಲ ಸಲ ಹಾಕಿದಾಗ ಏನೂ ಆಗಲಿಲ್ಲ. ಮಧ್ಯಾಹ್ನದ ಬಿಸಿಲು ಕಿಟಕಿಯ ಗಾಜಿನಲ್ಲಿ ಬಿದ್ದಿತ್ತು. ಸ್ಪೀಕರಿನಿಂದ ಭಾವನ ಉಸಿರು ಬರುತ್ತಿತ್ತು, ಕುರ್ಚಿಯ ಮೇಲೆ ಉಸಿರಿಲ್ಲದ ಭಾವ. ಯಾರು ಯಾರ ಎದುರು ಕೂತಿದ್ದಾರೆಂದು ತಿಳಿಯದ ಹಾಗಿತ್ತು. ಅಕ್ಕ ಅವರ ಕೈ ಹಿಡಿದುಕೊಂಡಿದ್ದಳು. ಎರಡನೇ ಸಲ ಹಾಕಿದೆ. ಮೂರನೇ ಸಲ ನಡುವಿನಲ್ಲಿ ದೊಡ್ಡಮ್ಮ ಕೈ ಎತ್ತಿದರು.

"ನಿಲ್ಸು. ಬಂದ."

ಸ್ಪೀಕರ್ ನಿಲ್ಲಿಸಿದೆ. ಭಾವ ಕಾಲು ಬದಲಾಯಿಸಿದರು. ಬದಲಾಯಿಸಿ ಮುಗಿಯಿತು. ಅದಾದ ಮೇಲೆ ಕುರ್ಚಿ ಕಿರ್ರ್ ಅಂದಿತು.

ಅವರ ಎದೆ ಏರಿತು. ಏರಿ ನಿಂತ ಮೇಲೆ ಉಸಿರು ಎಳೆದುಕೊಂಡ ಸದ್ದು ಬಂತು. ಇಳಿಯಿತು, ಆಮೇಲೆ ಬಿಟ್ಟ ಸದ್ದು. ಅಕ್ಕ ಕಿವಿಯನ್ನು ಎದೆಗಿಟ್ಟಳು, ಕೈಯಲ್ಲಿ ನಾಡಿ ಹಿಡಿದಳು. ಬೆರಳಿಗೆ ಒಂದು ಬಡಿತ, ಅದರ ಬೆನ್ನಿಗೆ ಕಿವಿಗೆ ಒಂದು.

"ಬೇರೆ ಬೇರೆಯಾಗಿ ಬರ್ತಿದೆ," ಅಂದಳು. ಅಳುತ್ತಿದ್ದಳೋ ನಗುತ್ತಿದ್ದಳೋ ನನ್ನ ಕಿವಿಗೂ ತಿಳಿಯಲಿಲ್ಲ. "ಕೈ ಬೆಚ್ಚಗಾಯ್ತು ಕಣೋ. ಬೆಚ್ಚಗಾಯ್ತು."

ಭಾವ ಮೇಜಿನ ಮೇಲೆ ಬೆರಳಿನಿಂದ ಎರಡು ಸಲ ತಟ್ಟಿದರು. ಬೆರಳು ಸುಮ್ಮನಾದ ಮೇಲೆ ಟಕ್ ಟಕ್ ಎಂದಿತು. ಅವರ ಹುಬ್ಬು ಏರಿತು. ದೊಡ್ಡಮ್ಮನ ಕೊರಳಿಂದ ಕೆಂಪು ಪ್ಲೇಯರ್ ತೆಗೆದುಕೊಂಡು, ಹುಡುಕಿ ಹುಡುಕಿ, ಕಟ್ಟಕಡೆಯದನ್ನು ಒತ್ತಿದರು. ಫ್ಯಾನಿನ ಗುಯ್, ಕುರ್ಚಿಯ ಕಿರ್ರ್, ಒಂದು ಉಸಿರು, ಆಮೇಲೆ ಇಪ್ಪತ್ತಾರು ವರ್ಷದ ಆ ದನಿ:

"ಪ್ರಯಾಣಿಕರ ಗಮನಕ್ಕೆ. ಗಾಡಿ ಸ್ವಲ್ಪ ತಡವಾಗಿ ಬರಲಿದೆ. ಅಡಚಣೆಗಾಗಿ ವಿಷಾದಿಸುತ್ತೇವೆ."

ಅಕ್ಕ ಅವರ ಬೆನ್ನಿಗೆ ಗುದ್ದಿದಳು. ಗುದ್ದಿನ ಸದ್ದೂ ತಡವಾಗಿ ಬಂತು.

"ಅಕ್ಕಾ, ಒಂದು ಗುಂಡಿ ಮರೆತಿದೀನಿ ಅಷ್ಟೇ," ಎಂದು ನಾನು ಲ್ಯಾಪ್‌ಟಾಪಿಗೆ ಕೈ ಹಾಕಿದೆ. "ಒಂದೇ ಒಂದು ಸಲ ಮತ್ತೆ ಹಾಕಿದ್ರೆ, ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದ ಹಾಗೆ..."

"ಮುಟ್ಟಿದ್ರೆ ಕೈ ಮುರೀತೀನಿ," ಅಂದಳು ಅಕ್ಕ. "ಇದ್ದಾರೆ. ಸಾಕು."

ಆ ಸಂಜೆಯೇ ಫೋನಿನಲ್ಲಿದ್ದ ಮುತ್ತಿನಂಥ ನೂರ ಎಂಬತ್ತನ್ನೂ ಅಳಿಸಿ, ಹಸಿ ರೆಕಾರ್ಡಿಂಗುಗಳನ್ನು ಹಾಕಿಕೊಟ್ಟೆ. ನನ್ನ ಜೀವಮಾನದ ಅತ್ಯುತ್ತಮ ಕೆಲಸ ಅದು, ಅಳಿಸಿದ್ದು. ಕಸದ ಫೈಲನ್ನು ಆರು ಕಡೆ ಇಟ್ಟಿದ್ದೇನೆ. ಒಂದು ಪ್ರತಿ ಬ್ಯಾಂಕಿನ ಲಾಕರಿನಲ್ಲಿದೆ ಎಂದು ಹೇಳಿಕೊಂಡು ತಿರುಗುತ್ತೇನೆ, ಇಲ್ಲ. ಈಗ ಮೌನದ ನಿಮಿಷ ಬಂದರೆ ಎಲ್ಲರನ್ನೂ ಆಚೆ ಅಟ್ಟುತ್ತೇನೆ. ಯಾಕೆ ಸಾರ್ ಎಂದರೆ ಕನ್ನಡಕ ಒರೆಸಿಕೊಳ್ಳುತ್ತೇನೆ. ಕನ್ನಡಕ ಇಲ್ಲ, ಆದರೂ ಒರೆಸಿಕೊಳ್ಳುತ್ತೇನೆ.

ಭಾವ ಚೆನ್ನಾಗಿದ್ದಾರೆ. ಡಾಕ್ಟರಮ್ಮ ಹಳೇ ಸ್ಟೆತೊಸ್ಕೋಪುಗಳನ್ನೆಲ್ಲ ಬದಲಾಯಿಸಿದರಂತೆ.

ಇನ್ನೊಂದು ಮಾತು ಉಳಿದಿದೆ, ಇದನ್ನು ಅಕ್ಕನಿಗೂ ಹೇಳಿಲ್ಲ. ಆ ದಿನ ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು ಹೊರಬಿದ್ದಾಗ ತಿರುವಿನ ನಾಯಿ ತಲೆ ಎತ್ತಿತು. ಬೊಗಳಿತು. ಆದರೆ ನನ್ನ ಕಡೆ ನೋಡಿಯಲ್ಲ. ನನ್ನಿಂದ ಒಂದು ಹೆಜ್ಜೆ ಹಿಂದಿನ ಖಾಲಿ ಜಾಗವನ್ನು ನೋಡಿ. ಅಂದಿನಿಂದ ಹಾಗೆಯೇ ನಡೆದಿದೆ. ನಾನು ಮೆಟ್ಟಿಲು ಹತ್ತುತ್ತೇನೆ, ನನ್ನ ಹೆಜ್ಜೆಯ ಸದ್ದು ಒಂದು ಮೆಟ್ಟಿಲು ಕೆಳಗೆ ಹತ್ತುತ್ತದೆ. ನಾನು ನಿಂತರೆ, ಅದು ಇನ್ನೊಂದು ಹೆಜ್ಜೆ ಇಟ್ಟು ನಿಲ್ಲುತ್ತದೆ. ಮೊದಮೊದಲು ತಿರುಗಿ ನೋಡುತ್ತಿದ್ದೆ. ಈಗ ನೋಡುವುದಿಲ್ಲ. ಸ್ಟುಡಿಯೋದ ಬಾಗಿಲು ತೆಗೆದು ಒಳಗೆ ಹೋಗಿ, ಹಿಡಿಕೆ ಹಿಡಿದುಕೊಂಡೇ ಕಾಯುತ್ತೇನೆ. ಅದು ಹೊಸ್ತಿಲು ದಾಟಿ ಒಳಗೆ ಬಂದದ್ದು ಕೇಳಿಸಿದ ಮೇಲೆಯೇ ಬಾಗಿಲು ಹಾಕುವುದು.